ಲಗಾಮು ಕಳಚುವ ಜನರಲ್

ನಿಂತ ಕುದುರೆಯ ಬಾಯಲ್ಲಿ ಕಬ್ಬಿಣ ಕಂಡರೆ ಜನರಲ್ ಗ್ರಾಬೋವ್ಸ್ಕಿಯವರಿಗೆ ತಡೆಯುತ್ತಿರಲಿಲ್ಲ. ಹಳಿಯಾಳದ ಟಾಂಗಾ ಸ್ಟ್ಯಾಂಡಿಗೆ ಬಂದವರೇ, ಮನುಷ್ಯರನ್ನು ಮಾತಾಡಿಸುವ ಮೊದಲು, ಕುದುರೆಗಳ ಲಗಾಮು ಕಳಚಿ ಹೆಗಲಿಗೆ ಹಾಕಿಕೊಳ್ಳುವರು.

"ಸಾಹೇಬ್ರ, ಸವಾರಿ ಹತ್ತಿ ಕುಂತಾವು, ಇದೇನ್ರಿ ನಿಮ್ಮ ಚ್ಯಾಷ್ಟಿ!" ಎಂದು ಟಾಂಗಾ ಹೊಡೆಯುವ ಪೀರಸಾಬ ಕೂಗಿದರೆ, "ಉಣ್ಣಲಿ" ಎಂಬ ಒಂದೇ ಉತ್ತರ.

ಜನರಲ್ ಅವರ ಬಾಗಿದ ಕಾಲುಗಳು ಇನ್ನೂ ಯಾವುದೋ ಕುದುರೆಯನ್ನು ತಬ್ಬಿಕೊಂಡಂತೆ ಇರುತ್ತಿದ್ದವು. ವೈಶಾಖದ ಬಿಸಿಲಿನಲ್ಲೂ ಬೂದುಬಣ್ಣದ ಉಣ್ಣೆಯ ಕೋಟು ಮೈಬಿಡುತ್ತಿರಲಿಲ್ಲ. ಪೋಲೆಂಡಿನಲ್ಲಿ ಕುದುರೆ ಸಾಕುವ ಮನೆಯಲ್ಲಿ ಹುಟ್ಟಿ, ಸವಾರರಾಗಿ ಸೇರಿ, ಒಂದು ಮಹಾಯುದ್ಧದಲ್ಲಿ ಹೆಸರು ಗಳಿಸಿ, ಅಶ್ವದಳದ ಜನರಲ್ ಆಗಿ, ಇನ್ನೊಂದು ಮಹಾಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡು, ಇರಾನಿನ ದಾರಿಯಿಂದ ಕೊಲ್ಹಾಪುರದ ನಿರಾಶ್ರಿತರ ಶಿಬಿರಕ್ಕೆ ಬಂದವರು. ಶಿಬಿರ ಮುಚ್ಚಿದಾಗ ಉಳಿದವರು ಹಡಗು ಹತ್ತಿದರು; ಕರೆಯುವವರಿಲ್ಲದ ಇವರು ಕಟ್ಟಿಗೆ ಗುತ್ತಿಗೆದಾರನೊಬ್ಬನ ಬೆನ್ನುಹತ್ತಿ ದಾಂಡೇಲಿ ಸೇರಿ ದಿಮ್ಮಿ ಎಳೆಯುವ ಪ್ರಾಣಿಗಳನ್ನು ನೋಡಿಕೊಂಡರು. ಕಾಡಿಗೆ ಲಾರಿ ಬಂದ ಮೇಲೆ ಅಲ್ಲಿಯೂ ಬೇಡವಾಗಿ, ಪೀರಸಾಬನ ಕುದುರೆಲಾಯದ ಹಿಂದಿನ ಖೋಲಿಗೆ ಬಂದರು. ಸಂಜೆ ಅತ್ತ ಅವರು ಜಪಮಾಲೆ ಹಿಡಿದರೆ ಇತ್ತ ಪೀರಸಾಬನ ಹೆಂಡತಿ ರಹಿಮತಬಿ ತಸಬಿ ಹಿಡಿಯುವಳು. ಇಬ್ಬರ ಮಣಿಗಳೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮುಗಿಯುತ್ತಿದ್ದವಂತೆ.

ಆಕೆಯೇ ಒಮ್ಮೆ ಲಗಾಮಿನ ವಿಷಯ ಕೇಳಿದ್ದಳು. ಅವರು ಕೊಲ್ಹಾಪುರದ ಮರಾಠಿಯನ್ನೂ ಇಲ್ಲಿಯ ಕನ್ನಡವನ್ನೂ ಬೆರೆಸಿ ಹೇಳಿದರು: ಯುದ್ಧದಲ್ಲಿ ಸೆರೆ ಸಿಕ್ಕ ದಿನ ತಂತಿಬೇಲಿಯ ಈಚೆ ತಾವು, ಆಚೆ ತಮ್ಮ ದಳದ ಕುದುರೆಗಳು. ಅವುಗಳ ಕಾಲಬುಡದಲ್ಲಿ ಹುಲ್ಲು ಬಿದ್ದಿತ್ತು, ಆದರೆ ಲಗಾಮನ್ನು ಗೂಟಕ್ಕೆ ಎತ್ತರದಲ್ಲಿ ಬಿಗಿದಿದ್ದರಿಂದ ಬಾಯಿ ನೆಲ ಮುಟ್ಟಲಿಲ್ಲ. "ಮುಟ್ಟಲಿಲ್ಲ" ಎಂದು ಮತ್ತೊಮ್ಮೆ ಹೇಳಿದರು.

ಶುಕ್ರವಾರ ಟಾಂಗಾದವರು ಜುಮ್ಮಾ ನಮಾಜಿಗೆ ಹೋಗುವಾಗ ಕುದುರೆಗಳನ್ನು ಜನರಲ್ ಸಾಹೇಬರಿಗೊಪ್ಪಿಸುವುದು ರೂಢಿಯಾಗಿತ್ತು. ಅಂಥ ಒಂದು ಮಧ್ಯಾಹ್ನವೇ ರಹಿಮತಬಿಯ ಮಗಳು ಚಾಂದಬಿಗೆ, ದಿನ ತುಂಬುವ ಮೊದಲೇ, ಹೆರಿಗೆ ನೋವು ಕಾಣಿಸಿಕೊಂಡಿತು. ರಹಿಮತಬಿ ಓಡಿ ಬಂದು ನೋಡಿದರೆ ಟಾಂಗಾಗಳೆಲ್ಲ ಕುದುರೆ ಹೂಡುವ ಮೂಕಿ ನೆಲಕ್ಕೂರಿ ಬಿದ್ದಿವೆ, ಕುದುರೆಗಳೆಲ್ಲ ದೂರದ ಕೆರೆಯಂಗಳದಲ್ಲಿ ಮೇಯುತ್ತಿವೆ.

"ನಿಮ್ಮ ಈ ಚಟಕ್ಕ ನನ್ನ ಮಗಳ ಜೀವಾ ಹೊಕ್ಕೈತ್ರಿ ಸಾಹೇಬ!"

ಅವರು ಸಿಳ್ಳೆ ಹಾಕಿದರು. ಪೀರಸಾಬನ ಕೆಂಪು ಕುದುರೆ ಓಡಿ ಬಂತು. ಆದರೆ ಹೆಗಲ ಮೇಲಿನ ಲಗಾಮನ್ನು ಅವರು ಕೈಗೆ ತೆಗೆದುಕೊಂಡರೇ ಹೊರತು ಅದರ ಬಾಯಿಗೆ ಇಡಲಿಲ್ಲ. ಕಳಚುವ ಆ ಕೈ ಹಾಕಿದ್ದನ್ನು ಹಳಿಯಾಳದಲ್ಲಿ ಯಾರೂ ನೋಡಿರಲಿಲ್ಲ.

"ಹಾಕ್ರಿ. ನಿಮ್ಮ ಕಾಲಿಗೆ ಬೀಳ್ತೇನಿ, ಹಾಕ್ರಿ."

ಬಿಸಿಲಿಗೆ ಕಬ್ಬಿಣ ಕಾದಿತ್ತು. ಅವರು ಅದನ್ನು ನೀರಿನ ಕೊಡದಲ್ಲಿ ಅದ್ದಿ, ಕೋಟಿನ ತೋಳಿಗೆ ಒರೆಸಿ, ತಮ್ಮ ಕೆನ್ನೆಗೆ ಮುಟ್ಟಿಸಿ ನೋಡಿದರು.

"ಯಾ ಅಲ್ಲಾ, ಅಕಿ ಬ್ಯಾನಿ ತಿನ್ನಾಕತ್ಯಾಳ, ಇವಗ ಕಬ್ಬಿಣ ತಂಪ್ ಮಾಡೋದ ಆತು!" ಎಂದು ಆಕೆ ಹಣೆ ಬಡಿದುಕೊಂಡಳು.

ಆಮೇಲೆ ಅವರು ಏನೋ ಪಿಸುಗುಟ್ಟುತ್ತ ಅದನ್ನು ಕುದುರೆಯ ಬಾಯಿಗಿಟ್ಟು, ಗಾಡಿ ಹೂಡಿ, ತಾಯಿಮಗಳನ್ನು ಹತ್ತಿಸಿಕೊಂಡು, ನಿಂತೇ ದವಾಖಾನೆಗೆ ಓಡಿಸಿದರು. ಅಂಥ ಓಟವನ್ನು ಹಳಿಯಾಳದ ಬೀದಿ ಕಂಡಿರಲಿಲ್ಲ. ಆದರೂ ಚಾಂದಬಿಗೆ ಒಂದು ಕುಲುಕೂ ತಾಗಲಿಲ್ಲವಂತೆ. ದವಾಖಾನೆಯ ಒಳಗೆ ಅವಳು ಹೆತ್ತಳು, ತಾಯಿ ಮಗು ಇಬ್ಬರೂ ಉಳಿದರು.

ಸುದ್ದಿ ಹೇಳಲು ರಹಿಮತಬಿ ಹೊರಗೆ ಬಂದಾಗ ಅವರು ಬೆವರಿಗೆ ತೊಯ್ದ ಕೋಟಿನಲ್ಲೇ ಕುದುರೆಯ ಪಕ್ಕ ನಿಂತಿದ್ದರು. ಕೈ ಲಗಾಮಿನ ಬಕಲಿನ ಮೇಲಿತ್ತು, ಕಣ್ಣು ಆಕೆಯ ಮೇಲಿತ್ತು, ಕಳಚಿರಲಿಲ್ಲ. ಅಪ್ಪಣೆಗೆ ಕಾಯುತ್ತಿದ್ದರು.

"ಕಳಚ್ರಿ ಸಾಹೇಬ" ಎಂದಳು ಆಕೆ, "ಉಣ್ಣಲಿ."

ದೊಡ್ಡ ಸೋಲು ಕಂಡವರು ಹಲವರು ಹೀಗೆಯೇ ಎಂದು ನನಗೆ ತೋರುತ್ತದೆ. ದೇಶ, ದಳ, ಬಿರುದು ಎಲ್ಲ ಹೋದ ಮೇಲೆ ಅಂದು ಮಾಡಲಾಗದ ಒಂದು ಸಣ್ಣ ಕೆಲಸ ಅವರ ಕೈಯಲ್ಲಿ ಉಳಿದಿರುತ್ತದೆ. ದಣಿದರೂ ಅದನ್ನೇ ಮಾಡುತ್ತಾರೆ, ಮಾಡಿ ಮುಗಿಯುವುದಿಲ್ಲ. ನಮಗೆ ಅದು ಚಟವಾಗಿ ಕಾಣುತ್ತದೆ. ದೇವರಿಗೆ ಹೇಗೆ ಕಾಣುತ್ತದೋ.