ಮಿಶ್ಕಾ ಉಟ್ಟ ರೇಷ್ಮೆ ಸೀರೆ

ಸಂಜೆಯಾದರೆ ಸುಮಿತ್ರಾ ನಾಯಿಯನ್ನು ತಿರುಗಾಡಿಸಿಕೊಂಡು ಬರುತ್ತಾಳೆ ಎಂದು ಮನೆಯವರು ಹೇಳುತ್ತಿದ್ದರು. ಬೀದಿಯಲ್ಲಿ ನಿಂತು ನೋಡಿದವರು ಯಾರೂ ಹಾಗೆ ಹೇಳುತ್ತಿರಲಿಲ್ಲ. ಮುಂದೆ ಮಿಶ್ಕಾ, ನಡುವೆ ಬಿಗಿದ ಹಗ್ಗ, ಹಿಂದೆ ಸೆರಗನ್ನು ಗಾಳಿಗೂ ಒಂದು ಕಾಲಿನ ಚಪ್ಪಲಿಯನ್ನು ರಸ್ತೆಗೂ ಬಿಟ್ಟುಕೊಟ್ಟ ಸುಮಿತ್ರಾ. ಗುಜರಾತಿನ ಕೊಯಾಲಿ ರಿಫೈನರಿಯ ಕಾಲೊನಿಯಲ್ಲಿ ಹೆಂಗಸರು ಈ ಮೆರವಣಿಗೆ ನೋಡಲೆಂದೇ ಬಾಗಿಲಿಗೆ ಬರುತ್ತಿದ್ದರು. ಸುಮಿತ್ರಾ ಓಡುತ್ತಲೇ ಅವರಿಗೆಲ್ಲ ‘ಕೇಮ್ ಛೋ’ ಹೇಳಿ ಮುಗಿಸುತ್ತಿದ್ದಳು. ಅವರ ಉತ್ತರ ಕೇಳಿಸುವಷ್ಟು ಹೊತ್ತು ಎಲ್ಲೂ ನಿಂತದ್ದಿಲ್ಲ.

ರಿಫೈನರಿ ಕಟ್ಟಲು ಬಂದಿದ್ದ ರಷ್ಯನ್ ಎಂಜಿನಿಯರೊಬ್ಬ ಊರಿಗೆ ಹೊರಡುವ ದಿನ ಈ ಮರಿಯನ್ನು ಅವಳ ಗಂಡ ಪಟ್ಟಾಭಿರಾಮನ ಕೈಗೆ ತುರುಕಿ, ಕಣ್ಣೊರೆಸಿಕೊಂಡು ಜೀಪು ಹತ್ತಿದ್ದ. ಆಗ ಅದು ಬೂಟಿನ ಡಬ್ಬಿಯಲ್ಲಿ ಹಿಡಿಸುತ್ತಿತ್ತು. ವರ್ಷ ಕಳೆಯುವುದರೊಳಗೆ ಹಿಂಗಾಲ ಮೇಲೆ ನಿಂತು ಪಟ್ಟಾಭಿರಾಮನ ಕನ್ನಡಕ ನೆಕ್ಕುವಷ್ಟಾಯಿತು. ಗಂಡ ಡ್ಯೂಟಿಗೆ ಹೋದ ಮೇಲೆ ಸುಮಿತ್ರಾಗೆ ಕನ್ನಡದಲ್ಲಿ ಮಾತಾಡಲು ಇದ್ದದ್ದು ಆ ನಾಯಿಯೊಂದೇ. ಬೇಳೆ ಇನ್ನೂ ಬೆಂದಿಲ್ಲ ಎಂದರೂ ಕಿವಿಯೆತ್ತಿ ಕೇಳುತ್ತಿತ್ತು. ಮೈಸೂರು ಬಿಟ್ಟು ಬಂದ ಮೊದಲ ವರ್ಷವನ್ನು ಅವಳು ಅಳದೆ ಕಳೆದದ್ದು ಅದರ ದೆಸೆಯಿಂದಲೇ.

ನವರಾತ್ರಿಗೆ ಅತ್ತೆ ಕಮಲಾಕ್ಷಮ್ಮ ನಂಜನಗೂಡಿನಿಂದ ಬಂದಿಳಿದರು. ಅವರದು ಮಡಿಯೆಂದರೆ ಮಡಿ. ಬಂದ ಗಳಿಗೆಯಲ್ಲೇ ಮಿಶ್ಕಾನ ಕೊರಳಿನ ಚರ್ಮದ ಪಟ್ಟಿ ಕಣ್ಣಿಗೆ ಬಿತ್ತು. ನಾಯಿ ಜಗಲಿಯಲ್ಲಿ ಇರಬಹುದು, ಚರ್ಮ ಮಾತ್ರ ಗೇಟು ದಾಟಕೂಡದು ಎಂದು ತೀರ್ಪಾಯಿತು. ಪಟ್ಟಿ ಹೊರಗಿನ ಬೇವಿನ ಮರದ ಮೊಳೆಗೆ ಹೋಯಿತು. ಸುಮಿತ್ರಾಗೆ ಅದರಿಂದ ಬೇಸರವೇನೂ ಆಗಲಿಲ್ಲ. ಎಳೆದೆಳೆದು ಆ ಪಟ್ಟಿ ಕೊರಳು ಒತ್ತಿ, ಮಿಶ್ಕಾ ಬೀಡಿ ಸೇದುವ ಮುದುಕನ ಹಾಗೆ ಕೆಮ್ಮುತ್ತಿತ್ತು.

ಹಾಗಾದರೆ ಏನು ಕಟ್ಟುವುದು? ಪಟ್ಟಾಭಿರಾಮ ಮೆಕ್ಯಾನಿಕಲ್ ಎಂಜಿನಿಯರ್. ಕೊರಳಿಗೇಕೆ ಕಟ್ಟಬೇಕು, ಕುದುರೆಗೆ ಹಾಕುವ ಹಾಗೆ ಎದೆಗೂ ಹೊಟ್ಟೆಗೂ ಸುತ್ತಿ ಬರುವ ಪಟ್ಟಿ ಹೊಲಿದರೆ ಭಾರ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ, ಬೆನ್ನ ಮೇಲೊಂದು ಹಿತ್ತಾಳೆ ಬಳೆ, ಅದಕ್ಕೆ ಹಗ್ಗ ಎಂದು ಹೇಳಿ ನಕ್ಷೆ ಬರೆದ. ರಿಫೈನರಿಯ ಗೋಪುರಗಳಿಗೂ ಅವನು ಅಷ್ಟು ಶ್ರದ್ಧೆಯಿಂದ ಗೆರೆ ಎಳೆದಿರಲಾರ. ಬಟ್ಟೆ ಯಾವುದು ಎನ್ನುವಲ್ಲಿ ತೊಡಕಾಯಿತು. ಗೋಣಿ ಚುಚ್ಚುತ್ತದೆ. ಹತ್ತಿಯದಾದರೆ ಮೈಲಿಗೆ, ದಿನಾ ಒಗೆಯಬೇಕು. ಕಮಲಾಕ್ಷಮ್ಮ ಸ್ವಲ್ಪ ಹೊತ್ತು ಯೋಚಿಸಿ, ಟ್ರಂಕು ತೆಗೆದು, ಮಡಿಗೆ ಉಡುತ್ತಿದ್ದ ಹಳೆಯ ರೇಷ್ಮೆ ಸೀರೆಯೊಂದನ್ನು ಹೊರಗೆಳೆದರು. ರೇಷ್ಮೆಗೆ ಮೈಲಿಗೆಯಿಲ್ಲವಲ್ಲ. ಸೊಸೆ ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗಲೇ ಅದಕ್ಕೆ ಕತ್ತರಿ ಬಿತ್ತು. ಪದರದ ಮೇಲೆ ಪದರ ಮಡಿಸಿ ಹೊಲಿದ ಕೆಂಪು ಪಟ್ಟಿ, ಅಂಚಿಗೆ ಜರಿ. ಸೂರತ್ತಿನವಳಾದ ಪಕ್ಕದ ಮನೆಯಾಕೆ ಜರಿ ಮುಟ್ಟಿ ನೋಡಿ, ಅಸಲಿಯೇ ಎಂದು ತಲೆದೂಗಿದಳು.

ಮೊದಲ ದಿನ ಪಟ್ಟಾಭಿರಾಮ ತಾನೇ ಹಗ್ಗ ಹಿಡಿದು ಹೊರಟ. ಅವನ ಲೆಕ್ಕಾಚಾರದಲ್ಲಿ ಒಂದು ಚೂರೂ ತಪ್ಪಿರಲಿಲ್ಲ, ಎಡವಟ್ಟಾದದ್ದೇ ಅದರಿಂದ. ಕೊರಳು ಒತ್ತುವುದಿಲ್ಲ, ಎದೆ ನೋಯುವುದಿಲ್ಲ. ಇಷ್ಟು ಸುಖವಾಗಿ ಎಳೆಯಬಹುದೆಂದು ಮಿಶ್ಕಾಗೆ ಅದುವರೆಗೆ ಗೊತ್ತೇ ಇರಲಿಲ್ಲ. ಗಾಡಿಗೆ ಹೂಡಿದ ಎತ್ತಿನಂತೆ ತಲೆ ತಗ್ಗಿಸಿ ನುಗ್ಗಿತು. ಪಟ್ಟಾಭಿರಾಮ ನೀರಿನ ಟ್ಯಾಂಕು ದಾಟಿ, ಬ್ಯಾಡ್ಮಿಂಟನ್ ನೆಟ್ಟಿನ ಕೆಳಗೆ ನುಸುಳಿ, ಗರ್ಬಾ ಕುಣಿತಕ್ಕೆಂದು ಸಿಂಗರಿಸುತ್ತಿದ್ದ ಮೈದಾನದ ನಟ್ಟನಡುವೆ ಸೂಪರಿಂಟೆಂಡೆಂಟರ ಹೆಂಡತಿ ಗುಡ್ಡೆ ಹಾಕಿಸಿದ್ದ ಚೆಂಡುಹೂವಿನ ರಾಶಿಯಲ್ಲಿ ಮಂಡಿಯೂರಿ ನಿಂತ. ಆಕೆ ಬೈಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ಬೈದಿದ್ದರೇ ವಾಸಿಯಿತ್ತು ಎಂದು ಅವನಿಗೆ ಅನ್ನಿಸಿತು.

ಮನೆಗೆ ಬಂದವನೇ ಅಹಮದಾಬಾದಿಗೆ ಟ್ರಂಕ್ ಕಾಲ್ ಹಾಕಿದ. ಅಲ್ಲಿ ವಟ್ವಾದ ಬಣ್ಣದ ಕಾರ್ಖಾನೆಯೊಂದರಲ್ಲಿ ಮ್ಯಾನೇಜರಾಗಿದ್ದ ಅವನ ಗೆಳೆಯ ವೆಂಕಟಾಚಲ, ಗೋದಾಮು ಕಾಯಲು ನಾಯಿ ಹುಡುಕುತ್ತಿದ್ದ. ಭಾನುವಾರವೇ ಬಂದು ಕರೆದುಕೊಂಡು ಹೋಗುತ್ತೇನೆಂದ. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿಹಾಕುವ ಜಾಗ ಅದು. ಕಾವಲುಗಾರರಿಗೆ ಇದರ ಭಾಷೆ ಬಾರದು, ಇದಕ್ಕೆ ಅವರದು ಬಾರದು. ಸುಮಿತ್ರಾ ಊಟ ಬಿಟ್ಟಳು, ಮಾತು ಬಿಟ್ಟಳು. ಕೊನೆಗೆ ಪಟ್ಟಾಭಿರಾಮ ಒಂದು ಮೆಟ್ಟಿಲು ಇಳಿದ.

“ವೆಂಕಟಾಚಲನ ಎದುರಿಗೇ ಕಾಲೊನಿ ಗೇಟಿನವರೆಗೆ ಎಳೀದೆ ಹೋಗಿ ಬರಲಿ ನೋಡೋಣ. ಬಂದ್ರೆ ಇಟ್ಕೊ,” ಎಂದ.

ಅದು ಆಗದ ಹೋಗದ ಮಾತೆಂದು ಇಬ್ಬರಿಗೂ ಗೊತ್ತಿತ್ತು.

ಭಾನುವಾರ ವೆಂಕಟಾಚಲ ಬಂದ. ದುಂಡಗಿನ, ಹಸನ್ಮುಖಿ ಮನುಷ್ಯ. ಚೀಲದಲ್ಲಿ ಉದ್ದನೆಯ ಹೊಸ ಕಬ್ಬಿಣದ ಸರಪಳಿ. ಕಮಲಾಕ್ಷಮ್ಮ ಕೊಡುಬಳೆಯ ತಟ್ಟೆ ಮುಂದಿಟ್ಟರು. ಅವನು ಕೊಡುಬಳೆ ಮುರಿಯುವ ಸದ್ದೂ ಸರಪಳಿಯ ಸದ್ದೂ ಒಳಗೆ ಕುಳಿತ ಸುಮಿತ್ರಾಗೆ ಒಂದೇ ಥರ ಕೇಳಿಸುತ್ತಿತ್ತು. ಸಂಜೆ ಜಗಲಿಗೆ ಬಂದು ಮಿಶ್ಕಾಗೆ ರೇಷ್ಮೆ ಪಟ್ಟಿ ತೊಡಿಸಿದಳು. ಕಣ್ಣಲ್ಲಿ ನೀರು ತುಂಬಿ ಜರಿ ಯಾವುದು, ಬಳೆ ಯಾವುದು ಒಂದೂ ಕಾಣಲಿಲ್ಲ. ಕೈಗೆ ಸಿಕ್ಕಿದ ಕಡೆ ಗುಂಡಿ ಹಾಕಿ, ಬಳೆಗೆ ಹಗ್ಗ ಸಿಕ್ಕಿಸಿ ಎದ್ದಳು.

ಮೈದಾನದಲ್ಲಿ ಢೋಲು ಬಡಿಯುವವನು ಅಭ್ಯಾಸ ಶುರುಮಾಡಿದ್ದ. ಅದು ಕಿವಿಗೆ ಬಿದ್ದದ್ದೇ ತಡ, ಮಿಶ್ಕಾ ಎಂದಿನಂತೆ ನೆಗೆಯಿತು. ಮರುಕ್ಷಣ ಗರ್ರನೆ ತಿರುಗಿ ಸುಮಿತ್ರಾಳ ಮುಖಕ್ಕೆ ಮುಖ ಕೊಟ್ಟು ನಿಂತಿತ್ತು. ಇವಳೆಲ್ಲಿಂದ ಬಂದಳು ಎಂದು ಅದಕ್ಕೇ ಆಶ್ಚರ್ಯ. ಮತ್ತೆ ಬಲವಾಗಿ ಎಳೆಯಿತು, ಮತ್ತೆ ತಿರುಗಿತು. ಹಗ್ಗ ಕಾಲಿಗೆ ಸುತ್ತಿಕೊಳ್ಳದಿರಲೆಂದು ಸುಮಿತ್ರಾಳೂ ತಿರುಗಿದಳು. ನಾಯಿ ಒಂದು ಸುತ್ತು, ಅವಳೊಂದು ಸುತ್ತು. ಢೋಲಿನವನು ಇವರನ್ನು ನೋಡಿ ಗತಿ ಏರಿಸಿದ. ಮಾಲೆ ಕಟ್ಟುತ್ತಿದ್ದ ಹೆಂಗಸರು ಎದ್ದು ಬಂದು ಸುತ್ತ ನಿಂತು ಚಪ್ಪಾಳೆ ತಟ್ಟಿದರು. ಸೂಪರಿಂಟೆಂಡೆಂಟರ ಹೆಂಡತಿಯೇ ಮುಂದೆ. ಸುಮಿತ್ರಾಗೆ ಮೊದಲು ಅಳು ಬಂತು, ಆಮೇಲೆ ನಗು ಬಂತು, ಬಂದ ನಗು ನಿಲ್ಲಲೇ ಇಲ್ಲ. ಆಕಾಶ, ನೀರಿನ ಟ್ಯಾಂಕು, ಕೊಡುಬಳೆ ಕೈಯಲ್ಲೇ ಮರೆತು ನಿಂತ ವೆಂಕಟಾಚಲ ಎಲ್ಲವೂ ಅವಳ ಸುತ್ತ ತಿರುಗಿದವು.

ಮಿಶ್ಕಾಗೇ ತಲೆಸುತ್ತು ಬಂದಿರಬೇಕು. ನಿಂತು ಒಮ್ಮೆ ಮೈ ಕೊಡವಿತು. ಎಳೆದರೆ ಎಲ್ಲಿಗೂ ಹೋಗುವುದಿಲ್ಲ ಎಂಬುದು ಅದರ ತಲೆಗೆ ಹೊಕ್ಕಿತು. ಆಮೇಲೆ ಸುಮಿತ್ರಾಳ ಪಕ್ಕದಲ್ಲಿ, ಹಗ್ಗ ಜೋಲಾಡುವಂತೆ, ಮದುವೆ ಮನೆಗೆ ಹೊರಟ ಹಿರಿಯರ ಗತ್ತಿನಲ್ಲಿ ಗೇಟಿನವರೆಗೆ ನಡೆದುಹೋಗಿ ಹಾಗೆಯೇ ಹಿಂದಿರುಗಿತು.

ಪಟ್ಟಾಭಿರಾಮ ಬಗ್ಗಿ ಪಟ್ಟಿಯನ್ನು ಪರೀಕ್ಷಿಸಿದ. ಅವನ ಮುಖ ಕೆಂಪಾಯಿತು.

“ಉಲ್ಟಾ ಹಾಕಿದೀಯ ಕಣೇ. ಬಳೆ ಬೆನ್ನ ಮೇಲಿರಬೇಕು, ಎದೆ ಮೇಲೆ ಬಂದಿದೆ,” ಎಂದವನೇ ನಕ್ಷೆಯಲ್ಲಿದ್ದಂತೆ ಸರಿಮಾಡಲು ಗುಂಡಿಗೆ ಕೈ ಹಾಕಿದ. ಎಂಜಿನಿಯರಲ್ಲವೇ, ಕೆಲಸ ಆಗುತ್ತಿದೆಯೋ ಇಲ್ಲವೋ ಎಂಬುದಕ್ಕಿಂತ ನಕ್ಷೆ ತಪ್ಪಿದ್ದೇ ಅವನಿಗೆ ದೊಡ್ಡದಾಗಿ ಕಂಡಿತು.

ತಡೆದವರು ಕಮಲಾಕ್ಷಮ್ಮ.

“ಪಟ್ಟಾಭಿ, ಕೈ ತೆಗಿ. ಅದು ಉಟ್ಟಿರೋದು ನನ್ನ ಸೀರೆ. ಹೇಗೆ ಉಟ್ಕೊಂಡ್ರೆ ಚೆನ್ನಾಗಿರತ್ತೆ ಅಂತ ಗಂಡಸ್ರು ಹೇಳಬೇಕಾಗಿಲ್ಲ.” ಆಮೇಲೆ ವೆಂಕಟಾಚಲನ ಕಡೆ ತಿರುಗಿದರು. “ನನ್ನ ಸೀರೆ ಉಟ್ಟೋರನ್ನ ಗೋದಾಮಿಗೆ ಕಳಿಸಲ್ಲಪ್ಪ. ಸರಪಳಿ ಇಲ್ಲೇ ಬಿಟ್ಟು ಹೋಗು. ಇಲ್ಲಿ ಎಲ್ಲರ ಮನೇಲೂ ಜಗಲೀಲಿ ಉಯ್ಯಾಲೆ ಇದೆ, ನಮ್ಮನೇಲೇ ಇಲ್ಲ.”

ವೆಂಕಟಾಚಲ ನಾಯಿಯ ಬದಲು ಒಂದು ಡಬ್ಬಿ ಕೊಡುಬಳೆ ಹಿಡಿದು ಅಹಮದಾಬಾದಿನ ರೈಲು ಹತ್ತಿದ. ವಾರದೊಳಗೆ ಅವನ ಸರಪಳಿಗೆ ಹಲಗೆ ಕೂಡಿ, ಕಮಲಾಕ್ಷಮ್ಮ ಮಡಿಯುಟ್ಟುಕೊಂಡೇ ಅದರ ಮೇಲೆ ಜೀಕತೊಡಗಿದರು. ಕೆಳಗೆ ಕೆಂಪು ರೇಷ್ಮೆ ತೊಟ್ಟ ಮಿಶ್ಕಾ ಮಲಗಿತ್ತು. ಒಳಗಿನಿಂದ ಸುಮಿತ್ರಾ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

“ಬೇಳೆ ಬೆಂತು ಕಣೋ,” ಎಂದಳು.

ಮಿಶ್ಕಾ ಕಿವಿಯೆತ್ತಿತು.