ಗೇಟು ಕಿರ್ರೆಂದಾಗ

ರೈಲು ನಿಲ್ದಾಣದ ವೇಟಿಂಗ್ ರೂಮಿನಿಂದ ಕಾಣೆಯಾದ ಚರ್ಮದ ಪೆಟ್ಟಿಗೆ ಯಾರ ಕೈ ಸೇರಿತು ಎಂದು ಇನ್ನೇನು ತಿಳಿಯಬೇಕು, ಅಷ್ಟರಲ್ಲಿ ಗೇಟು ಕಿರ್ರೆಂದಿತು. ಟೈಲರಮ್ಮ ಪುಸ್ತಕ ಮುಚ್ಚಿ ದಿಂಬಿನಡಿ ತಳ್ಳಿದಳು. ಮಲಗಿದ್ದವಳು ದಡಕ್ಕನೆ ಎದ್ದು ಕೂತು, ಸ್ಟೂಲಿನ ಮೇಲಿದ್ದ ಬೀನ್ಸಿನ ಬುಟ್ಟಿಯನ್ನು ಬಾಗಿ ಎಳೆದು ತೊಡೆಯ ಮೇಲಿಟ್ಟುಕೊಂಡಳು. ಸೊಂಟದಲ್ಲಿ ಛಳಕ್ಕೆಂದಿತು. ಹಲ್ಲು ಕಚ್ಚಿಕೊಂಡು ಒಂದು ಬೀನ್ಸಿನ ನಾರು ತೆಗೆದಳು.

ಬಂದವರು ಅತ್ತೆ. ಚಪ್ಪಲಿ ಬಿಡುತ್ತಾ, ಏನು ಮಾಡ್ತಿದ್ದೀಯ ಎಂದು ಕೇಳಿದರು.

“ಸುಮ್ನೆ, ಬೀನ್ಸ್ ಬಿಡಿಸ್ತಿದ್ದೆ ಅತ್ತೆ.”

ಆ ಬೀನ್ಸು ಬೆಳಗಿನಿಂದ ಅದೇ ಬುಟ್ಟಿಯಲ್ಲಿತ್ತು. ಗೇಟು ಸದ್ದಾದಾಗಲೆಲ್ಲ ಒಂದೆರಡರ ನಾರು ಹೋಗುತ್ತಿತ್ತು, ಅಷ್ಟೆ.

ಬೀದಿಯವರೆಲ್ಲ ಅವಳನ್ನು ಕರೆಯುವುದೇ ಟೈಲರಮ್ಮ ಎಂದು. ಅವಳು ಮಲಗುತ್ತಿದ್ದ ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಮಿಷನ್ನು. ಒದ್ದೆ ಕಂಬಳಿ ತುಂಬಿದ ಬಕೆಟ್ಟನ್ನು ಸೊಂಟ ತಿರುಗಿಸಿ ಎತ್ತಿದ ದಿನ ಅವಳು ಮಹಡಿಯ ಮೆಟ್ಟಿಲ ಮೇಲೇ ಕೂತುಬಿಟ್ಟಿದ್ದಳು. ಆಸ್ಪತ್ರೆಯಲ್ಲಿ ನೋಡಿ, ಮೂಳೆಗೆ ಏನೂ ಆಗಿಲ್ಲ, ಸ್ನಾಯು ಎಳೆದಿದೆ, ಕೆಲವು ವಾರದಲ್ಲಿ ಸರಿಹೋಗುತ್ತದೆ ಎಂದಿದ್ದರು. ವಾರಗಳು ಕಳೆದವು, ಬೆನ್ನು ಮಾತ್ರ ಸರಿಹೋಗಲಿಲ್ಲ. ಬೆಳಿಗ್ಗೆ ಹಗುರ ಎನಿಸಿದ್ದು ಸಂಜೆಗೆ ಮತ್ತೆ ಮೊದಲಿನ ಹಾಗೇ. ಮಿಷನ್ನಿಗೆ ಹೊದಿಸಿದ ಬಟ್ಟೆಯ ಮೇಲೆ ಧೂಳು ಕೂತಿತ್ತು. ಮತ್ತೆ ಅದರ ಮುಂದೆ ಕೂರುವುದು ಸಾಧ್ಯವೋ ಇಲ್ಲವೋ ಎಂಬ ಭಯವನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ.

ಗಂಡ ಬಸ್ ಡ್ರೈವರ್. ಯಾರಾದರೂ ಮನೆಗೆ ಬಂದರೆ, ಇವಳೇ ನಮ್ಮನೆ ಬೆನ್ನೆಲುಬು ಎಂದು ಹೊಗಳುವುದು ಅವನ ರೂಢಿ. ಬೆನ್ನೆಲುಬಿಗೇ ಬೆನ್ನು ನೋವು ಬಂದರೆ ಏನು ಮಾಡಬೇಕೆಂದು ಅವನಿಗೂ ಗೊತ್ತಿರಲಿಲ್ಲ.

ಅತ್ತೆ ಕೆಟ್ಟವರಲ್ಲ. ಅಡುಗೆ, ಪಾತ್ರೆ ಎಲ್ಲ ಈಗ ಅವರದ್ದೇ. ಆದರೆ ಮೊದಲ ವಾರದಲ್ಲೇ ಅವರು ಪಕ್ಕದ ಮನೆಯಾಕೆಯ ಹತ್ತಿರ ಕಾಂಪೌಂಡಿನ ಮೇಲಿಂದ ಹೇಳಿದ ಮಾತು ಟೈಲರಮ್ಮನ ಕಿವಿಗೆ ಬಿದ್ದಿತ್ತು.

“ನೋವು ಅಂತಾಳೆ. ಪುಸ್ತಕ ಓದೋಕೆ ಆಗತ್ತೆ, ಟಿವಿ ನೋಡೋಕೆ ಆಗತ್ತೆ. ಕೂತು ಉಣ್ಣೋನಿಗೆ ಕುಡಿಕೆ ಹೊನ್ನೂ ಸಾಲದಂತೆ.”

ಅಂದಿನಿಂದ ಶುರುವಾದದ್ದು ಈ ಬುಟ್ಟಿಯ ಆಟ. ನೋವೂ ಇದ್ದು ಖುಷಿಯೂ ಇದ್ದರೆ ಎರಡರಲ್ಲಿ ಒಂದು ಸುಳ್ಳಿರಬೇಕು ಎಂದು ಅವಳಿಗೂ ಅನ್ನಿಸತೊಡಗಿತ್ತು. ಪಕ್ಕದ ಬೀದಿಯ ಮೇಷ್ಟ್ರು ಕೊಟ್ಟ ಪತ್ತೇದಾರಿ ಕಾದಂಬರಿ ದಿಂಬಿನಡಿಯೇ ಇರುತ್ತಿತ್ತು. ಗಡಿಬಿಡಿಯಲ್ಲಿ ಮುಚ್ಚಿದಾಗಲೆಲ್ಲ ಪುಟ ತಪ್ಪುತ್ತಿತ್ತು. ಪೆಟ್ಟಿಗೆ ಎಷ್ಟು ಸಲ ಕಾಣೆಯಾಯಿತೋ ಲೆಕ್ಕವಿಲ್ಲ, ಒಮ್ಮೆಯೂ ಸಿಕ್ಕಿರಲಿಲ್ಲ.

ಒಂದು ಮಧ್ಯಾಹ್ನ ಆಸ್ಪತ್ರೆಯ ಫಿಸಿಯೋ ಮನೆಗೆ ಬಂದಳು. ಚಿಕ್ಕ ವಯಸ್ಸಿನವಳು. ಇಷ್ಟು ಹೊತ್ತಿಗೆ ಗುಣವಾಗಬೇಕಿದ್ದ ಬೆನ್ನು ಯಾಕೆ ಹಟ ಹಿಡಿದಿದೆ ನೋಡೋಣವೆಂದು ಬಂದಿದ್ದಳು. ಅವಳು ಗೇಟು ತೆಗೆದು ಕಿಟಕಿಯ ಕಡೆ ನೋಡುವುದಕ್ಕೂ ಟೈಲರಮ್ಮ ದಡಕ್ಕನೆ ಏಳುವುದಕ್ಕೂ ಸರಿಹೋಯಿತು. ಒಳಗೆ ಬಂದವಳು ಬೆನ್ನು ನೋಡುವ ಮೊದಲು ಬುಟ್ಟಿ ನೋಡಿದಳು. ಬೀನ್ಸೊಂದನ್ನು ಎತ್ತಿ ಬಗ್ಗಿಸಿದಳು. ಅದು ಮುರಿಯಲಿಲ್ಲ, ದಾರದ ಹಾಗೆ ಬಾಗಿತು.

“ನಾನು ಬಂದಾಗ ಯಾಕಕ್ಕಾ ಹಾಗೆ ಎದ್ದಿರಿ?”

“ಸುಮ್ನೆ.”

ದಿನಕ್ಕೆ ಎಷ್ಟು ಸಲ ಹೀಗೆ ಎಂದು ಫಿಸಿಯೋ ಕೇಳಿದಳು. ಹಾಲಿನವನು, ಅತ್ತೆ, ಗಂಡ, ಬಟ್ಟೆ ಹೊಲಿದಾಯಿತಾ ಎಂದು ವಿಚಾರಿಸಲು ಬರುವವರು. ಟೈಲರಮ್ಮ ಮನಸ್ಸಿನಲ್ಲೇ ಎಣಿಸಲು ಹೋಗಿ ಬಿಟ್ಟಳು.

“ಅಷ್ಟೂ ಸಲ ಹೊಲಿಗೆ ಬಿಚ್ಚಿದ ಹಾಗೆ ಅಕ್ಕ. ಒಂದು ಕಡೆ ಹೊಲೀತಾ ಒಂದು ಕಡೆ ಬಿಚ್ತಾ ಇದ್ರೆ ಬಟ್ಟೆ ಮುಗಿಯೋದು ಯಾವಾಗ? ನಿಮಗೆ ನಾನು ಹೇಳ್ಬೇಕಾ?”

ಅಷ್ಟರಲ್ಲಿ ಅತ್ತೆ ಟೀ ತಂದರು. ಅವರ ಸೀರಿಯಲ್ಲಿನ ಹೊತ್ತು. ಟಿವಿ ಹಾಕಿ ಕುರ್ಚಿಯಲ್ಲಿ ಕೂತರು. ತೆರೆಯ ಮೇಲೆ ನಾಯಕಿ ಎಷ್ಟೋ ತಿಂಗಳಿಂದ ಕೋಮಾದಲ್ಲಿ ಮಲಗಿದ್ದಳು. ತುಟಿಯ ಬಣ್ಣ ಮಾತ್ರ ಇವತ್ತೇ ಹಚ್ಚಿದಂತಿತ್ತು.

ಹೇಗಿದ್ದಾಳೆ ಅಜ್ಜಿ ಈ ಹುಡುಗಿ ಎಂದು ಫಿಸಿಯೋ ವಿಚಾರಿಸಿದಳು.

“ಪಾಪ, ಇನ್ನೂ ಎದ್ದಿಲ್ಲ. ಅವಳ ಅತ್ತೆ ಅನ್ನಿಸಿಕೊಂಡೋಳು ಇವತ್ತೇ ಮನೆಗೆ ಕರ್ಕೊಂಡು ಹೋಗ್ತೀನಿ ಅಂತ ಕೂತಿದಾಳೆ. ಒಂಚೂರೂ ಕರುಣೆ ಇಲ್ಲ ಹೆಂಗಸಿಗೆ.”

“ನೀವಾಗಿದ್ರೆ ಅವಳ ಕೈಗೊಂದು ಬುಟ್ಟಿ ಬೀನ್ಸ್ ಕೊಡ್ತಿದ್ರೇನೋ.”

ಅತ್ತೆ ಟಿವಿಯ ಧ್ವನಿ ತಗ್ಗಿಸಿದರು. ಸೊಸೆಯ ತೊಡೆಯ ಮೇಲಿನ ಬುಟ್ಟಿ ನೋಡಿದರು.

“ಬೀನ್ಸ್ ನಾನು ಕೊಟ್ಟಿಲ್ಲ. ಅವಳೇ ಇಟ್ಕೊಂಡಿದ್ದು.”

ಅದು ನಿಜವಾಗಿತ್ತು. ಯಾಕೆ ಇಟ್ಟುಕೊಂಡಳು ಎಂದು ಮೂವರಲ್ಲಿ ಯಾರೂ ಕೇಳಲಿಲ್ಲ. ಕಾಂಪೌಂಡಿನ ಮೇಲಿಂದ ಆಡಿದ ಮಾತು ಅತ್ತೆಗೆ ನೆನಪಾಗಿರಬೇಕು.

ಅವರೇ ಮಾತು ಮುಂದುವರಿಸಿದರು. “ನಂಗೂ ಬೆನ್ನು ನೋವಿತ್ತಮ್ಮ, ನನ್ನ ಕಾಲದಲ್ಲಿ. ನನ್ನನ್ನ ಯಾರು ಮಲಗಿಸಿದ್ರು?”

ಖಾಲಿ ಲೋಟ ತೆಗೆದುಕೊಂಡು ಎದ್ದರು. ಮೊದಲು ಕುರ್ಚಿಯ ಕೈ ಹಿಡಿದು ಅರ್ಧ, ಆಮೇಲೆ ಗೋಡೆ ಹಿಡಿದು ಇನ್ನರ್ಧ. ಅದಕ್ಕಿಂತ ನೆಟ್ಟಗೆ ನಿಲ್ಲಲು ಅವರಿಗೆ ಆಗುತ್ತಿರಲಿಲ್ಲ. ಟೈಲರಮ್ಮ ಇದನ್ನು ದಿನವೂ ನೋಡುತ್ತಿದ್ದಳು, ಇವತ್ತು ನೋಡಿದಂತೆ ನೋಡಿರಲಿಲ್ಲ.

“ಮಲಗಿಸಿದ್ರೆ ಚೆನ್ನಾಗಿತ್ತು ಅಜ್ಜಿ,” ಎಂದಳು ಫಿಸಿಯೋ.

ಹಾಗಾದರೆ ದಿನವಿಡೀ ಬಿದ್ದುಕೊಂಡೇ ಇರಬೇಕಾ ಎಂದು ಅತ್ತೆ ಅಡ್ಡಪ್ರಶ್ನೆ ಹಾಕಿದರು. ಅದೂ ತಪ್ಪು ಎಂದಳು ಅವಳು. ಒಂದೇ ಭಂಗಿಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಇರಬಾರದು. ಒಂದು ಅಧ್ಯಾಯ ಮುಗಿಯಿತಾ, ಎದ್ದು ಮನೆಯೊಳಗೇ ನಿಧಾನವಾಗಿ ಓಡಾಡಬೇಕು. ಟಿವಿಯಲ್ಲಿ ಜಾಹೀರಾತು ಬಂತಾ, ಒಂದು ಸುತ್ತು ಹಾಕಬೇಕು. ಏಳುವಾಗ ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈಯೂರಿ ಮೇಲೇಳಬೇಕು. ಮಲಗಿದಾಗ ಮಂಡಿಯ ಕೆಳಗೆ ದಿಂಬು, ಕೂತಾಗ ಸೊಂಟದ ಹಿಂದೆ ದಿಂಬು. ಟಿವಿ ನೇರ ಎದುರಿಗಿರಲಿ, ಕತ್ತು ತಿರುಗಿಸಿ ನೋಡುವಂತಿರಬಾರದು. ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಬೇಕು, ಪುಸ್ತಕ ಇದ್ದಲ್ಲಿಗೆ ಬೆನ್ನು ಬಗ್ಗಬಾರದು. ಕಾಲು ಮರಗಟ್ಟಿದರೆ, ಕಾಲಿನ ಬಲ ಕಮ್ಮಿಯಾದರೆ, ಮೂತ್ರದ ಹಿಡಿತ ತಪ್ಪಿದರೆ ಅಥವಾ ಕಟ್ಟಿಕೊಂಡರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಇಷ್ಟು ಹೇಳಿ, ಹೊರಡುವ ಮುಂಚೆ ದಿಂಬಿನಡಿಯಿಂದ ಇಣುಕುತ್ತಿದ್ದ ಪುಸ್ತಕವನ್ನು ಎಳೆದು ಟೈಲರಮ್ಮನ ಕೈಗೆ ಕೊಟ್ಟಳು.

“ಮನಸ್ಸು ನೋವಿನ ಮೇಲೇ ಕೂತಿದ್ರೆ ಮೈ ಬಿಗಿಯಾಗತ್ತೆ, ನೋವೂ ಬೆಳೆಯತ್ತೆ. ಕಥೇಲಿ ಮುಳುಗಿದಾಗ ಮೈ ತಾನೇ ಸಡಿಲ ಆಗತ್ತೆ. ಓದೋಕೆ ಆಯ್ತು ಅಂದ ಮಾತ್ರಕ್ಕೆ ನೋವು ಸುಳ್ಳು ಅಂತಲ್ಲ ಅಕ್ಕ.”

ಅದನ್ನು ಹೇಳಿದ್ದು ಅಕ್ಕನಿಗೆ. ಕೇಳಿಸಿಕೊಂಡದ್ದು ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ ಅತ್ತೆಯೂ ಹೌದು.

ಮಾರನೆಯ ದಿನ ಟೈಲರಮ್ಮ ಓದುತ್ತಿದ್ದಾಗ ಗೇಟು ಸದ್ದೇ ಮಾಡಲಿಲ್ಲ. ತಲೆಯೆತ್ತಿದರೆ ಅತ್ತೆ ಬಾಗಿಲಲ್ಲೇ ನಿಂತಿದ್ದಾರೆ. ಅವರ ಕೈಯಲ್ಲಿ ಮಿಷನ್ನಿನ ಎಣ್ಣೆ ಡಬ್ಬಿ. ಅಭ್ಯಾಸಬಲದಿಂದ ಇವಳ ಕೈ ಬುಟ್ಟಿಗೆ ತಡಕಾಡಿತು. ಸ್ಟೂಲು ಖಾಲಿಯಿತ್ತು.

“ಏನ್ ಮಾಡ್ತಿದ್ದೀಯ?”

ಸುಮ್ನೆ ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿಕೊಂಡಳು.

“ಓದ್ತಿದೀನಿ ಅತ್ತೆ.”

ಅತ್ತೆ ಎಣ್ಣೆ ಡಬ್ಬಿಯನ್ನು ಮಿಷನ್ನಿನ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟರು. ಎದುರಿನ ಮಂಚದ ಮೇಲೆ ಗೋಡೆ ಹಿಡಿದು ಕೂತರು. ನಿಧಾನವಾಗಿ ಪಕ್ಕಕ್ಕೆ ಹೊರಳಿ ಮಲಗಿದರು. ಹಗಲು ಹೊತ್ತಿನಲ್ಲಿ ಅವರು ಮಲಗಿದ್ದನ್ನು ಸೊಸೆ ಕಂಡದ್ದು ಅದೇ ಮೊದಲು.

“ಸ್ವಲ್ಪ ಜೋರಾಗಿ ಓದು,” ಎಂದರು. “ಹೇಗಿದ್ರೂ ಓದ್ತಿದ್ದೀಯಲ್ಲ.”

ಟೈಲರಮ್ಮ ಮತ್ತೆ ಮೊದಲ ಪುಟದಿಂದ ಶುರುಮಾಡಿದಳು. ಪೆಟ್ಟಿಗೆ ಆ ದಿನ ಸಿಕ್ಕಿತು. ಕದ್ದವನು ಸ್ಟೇಷನ್ ಮಾಸ್ಟರೇ ಎಂದು ಅತ್ತೆ ಎರಡನೆಯ ಅಧ್ಯಾಯದಲ್ಲೇ ಹೇಳಿದ್ದರು. ಗಂಡ ಕೆಲಸ ಮುಗಿಸಿ ಬಂದಾಗ ಇಬ್ಬರೂ ಅದೇ ಚರ್ಚೆಯಲ್ಲಿದ್ದರು. ಅವನು ಏನೂ ಕೇಳದೆ ಟೀಗೆ ನೀರಿಟ್ಟ.

ಟೈಲರಮ್ಮ ಈಗ ಮಿಷನ್ನಿನ ಮುಂದೆ ಕೂರುತ್ತಾಳೆ. ಸೊಂಟದ ಹಿಂದೆ ದಿಂಬಿದೆ. ಒಂದು ತೋಳು ಹೊಲಿದಾದ ಮೇಲೆ ಎದ್ದು ಓಡಾಡುತ್ತಾಳೆ. ಮತ್ತೆ ಕೆಲಸ ಹಿಡಿದ ಮೊದಲ ದಿನ ಸೂಜಿಗೆ ದಾರ ಪೋಣಿಸುವಾಗ ಅವಳು ಒಂದು ತೀರ್ಮಾನ ಮಾಡಿದಳು. ಬೆನ್ನು ಪೂರ್ತಿ ವಾಸಿಯಾದ ಮೇಲೂ ಮಧ್ಯಾಹ್ನದ ಆ ಹೊತ್ತನ್ನು ಯಾವ ಬಟ್ಟೆಗೂ ಕೊಡುವುದಿಲ್ಲ. ಅದು ಪುಸ್ತಕದ್ದು. ಇದನ್ನು ಅವಳು ಯಾರಿಗೂ ಹೇಳಲಿಲ್ಲ.

ಓದುವವರೇ, ಕೇಳುವವರೇ, ನೀವು ಮಾತ್ರ ಬಾಯಿಬಿಟ್ಟು ಹೇಳಿ. ನಿಮಗೆ ಬೆನ್ನು ನೋವಿದ್ದರೆ ಮನೆಯವರಿಗೆ ಹೇಳಿ, ವೈದ್ಯರಿಗೆ ತೋರಿಸಿ. ಅವರು ಹೇಳಿದಷ್ಟು ವಿಶ್ರಾಂತಿ ಪಡೆಯಿರಿ, ಅವರು ಹೇಳಿದಷ್ಟು ಓಡಾಡಿ. ನಡುವೆ ಓದಿ, ಟಿವಿ ನೋಡಿ, ನಗು ಬಂದರೆ ನಕ್ಕುಬಿಡಿ. ಅದಕ್ಕೆ ಯಾರ ಕ್ಷಮೆಯೂ ಬೇಕಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಮಲಗಿದ್ದರೆ, ಏನು ಮಾಡ್ತಿದ್ದೀಯ ಎಂದು ಕೇಳುವ ಮುನ್ನ ಒಂದು ಕೆಲಸ ಮಾಡಿ. ನಿಮ್ಮ ಗೇಟಿಗೆ ಎಣ್ಣೆ ಹಾಕಿ.