ಅಳೆದಿಟ್ಟ ಊಟ

ನಾನು ಗ್ರೇಟ್ ಡೇನ್ ಜಾತಿಯ ಒಂದು ಗಂಡು ನಾಯಿ. ಕೊಲ್ಲಾಪುರದ ಒಂದು ಮನೆಯ ಹಿತ್ತಲಲ್ಲಿ, ಗೋಣಿತಾಟಿನ ಮೇಲೆ, ಒಂಬತ್ತು ಮರಿಗಳಲ್ಲಿ ಒಂದಾಗಿ ಹುಟ್ಟಿದೆ. ನೋಡಲು ಬಂದವರೆಲ್ಲ ಮೊದಲು ನನ್ನ ಪಂಜ ಹಿಡಿದು ನೋಡುತ್ತಿದ್ದರು. ಮೈಗೆ ಹೋಲಿಸಿದರೆ ಅದು ತೀರಾ ದೊಡ್ಡದು. ಇದು ಕರುವಿನಷ್ಟು ಬೆಳೆಯುತ್ತದೆ ಎಂದು ಬೆರಗಾಗುತ್ತಿದ್ದರು. ಬೆಳೆಯುವುದೇ ನನ್ನ ಕೆಲಸ ಎಂದು ನಾನೂ ತಿಳಿದುಕೊಂಡೆ.

ಎರಡು ತಿಂಗಳಾದಾಗ ಪರಸಪ್ಪ ಎಂಬ ಪೊಲೀಸ್ ಪೇದೆ ನನ್ನನ್ನು ಕೈಚೀಲದಲ್ಲಿ ಕೂರಿಸಿಕೊಂಡು ಬಸ್ಸಿನಲ್ಲಿ ಜಮಖಂಡಿಗೆ ತಂದ. ಅಲ್ಲಿ ಸತ್ಯಪ್ಪ ಪೈಲ್ವಾನನ ಗರಡಿ ಇತ್ತು. ಪರಸಪ್ಪ ಆ ಗರಡಿಯ ಕೊನೆಯ ಶಿಷ್ಯ. ಅವನೂ ನೌಕರಿಗೆ ಸೇರಿದ ಮೇಲೆ ಅಖಾಡದ ಕೆಂಪು ಮಣ್ಣನ್ನು ಹದ ಮಾಡುವವರಿಲ್ಲದೆ ಅದು ಬಿರುಕು ಬಿಟ್ಟಿತ್ತು.

"ಗುರುಗಳ, ಒಬ್ಬರ ಇರ್ತೀರಿ. ಜೊತೀಗೆ ಒಂದು ಜೀವ ಇರ್ಲಿ," ಎಂದು ನನ್ನನ್ನು ಸತ್ಯಪ್ಪನ ಮಡಿಲಿಗೆ ಹಾಕಿದ.

ಸತ್ಯಪ್ಪನಿಗೆ ಆಗ ಅರವತ್ತು ದಾಟಿತ್ತು. ಮದುವೆಯಾದವನಲ್ಲ. ಅವನ ಕಿವಿಗಳು ಕುಸ್ತಿಯಲ್ಲಿ ಜಜ್ಜಿ ಜಜ್ಜಿ ಒಣಗಿದ ಅಂಜೂರದ ಹಾಗಿದ್ದವು. ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು, "ಹಸದೈತಿ ಕೂಸು," ಎಂದ. ಆಮೇಲೆ ರುಸ್ತುಮ್ ಎಂದು ಕರೆದ. ಅದೇ ನನ್ನ ಹೆಸರೆಂದು ಅವತ್ತೇ ಗೊತ್ತಾಯಿತು.

ನಾಯಿಗೆ ಏನು ಹಾಕಬೇಕೆಂದು ಅವನು ಯಾರನ್ನೂ ಕೇಳಲಿಲ್ಲ. ಪೈಲ್ವಾನರನ್ನು ಬೆಳೆಸಿದ ಕೈ ಅದು. ಬೆಳಿಗ್ಗೆ ಎಮ್ಮೆಯ ಗಟ್ಟಿ ಹಾಲು, ಅದರಲ್ಲಿ ಅರೆದ ಬಾದಾಮಿ. ಮಧ್ಯಾಹ್ನ ತುಪ್ಪ ಸವರಿದ ಚಪಾತಿ, ಆರು ಮೊಟ್ಟೆ. ಸಂಜೆ ಮಾಂಸದ ಸಾರು. ಎಲುಬು ಗಟ್ಟಿಯಾಗಲೆಂದು ಔಷಧಿ ಅಂಗಡಿಯ ಕ್ಯಾಲ್ಸಿಯಂ ಟಾನಿಕ್ಕು. ತಾನು ಮಾತ್ರ ಒಂದೂವರೆ ಜೋಳದ ರೊಟ್ಟಿ, ಒಂದು ಹಸಿ ಉಳ್ಳಾಗಡ್ಡಿಯಲ್ಲಿ ಊಟ ಮುಗಿಸುತ್ತಿದ್ದ. ನಾನು ತಿನ್ನುವಾಗ ಅವನು ಎದುರಿಗೆ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದ. ನಾನು ತಲೆ ಎತ್ತಿ ನೋಡಿದರೆ ಸಾಕು, ಮತ್ತೊಂದು ಚಪಾತಿ ಬೀಳುತ್ತಿತ್ತು. ತಲೆ ಎತ್ತುವುದನ್ನು ನಾನು ಚೆನ್ನಾಗಿ ಕಲಿತೆ.

ಏಳನೇ ತಿಂಗಳಿಗೆ ನಾನು ಅರವತ್ತು ಕಿಲೋ ತೂಗಿದೆ. ಎಷ್ಟೋ ವರ್ಷದ ಮೇಲೆ ಜನ ಗರಡಿಯ ಬಾಗಿಲಿಗೆ ಬಂದರು, ನನ್ನನ್ನು ನೋಡಲು. ಸತ್ಯಪ್ಪ ಹಳೆಯ ರುಮಾಲು ಸುತ್ತಿಕೊಂಡು ನನ್ನ ಪಕ್ಕ ನಿಂತು ಬೀಗುತ್ತಿದ್ದ.

ಆದರೆ ನನ್ನ ಮುಂಗಾಲುಗಳು ನೋಯತೊಡಗಿದ್ದವು. ಮೊದಲು ಏಳುವಾಗ ಮಾತ್ರ. ಆಮೇಲೆ ನಿಂತಾಗಲೂ. ಮಣಿಗಂಟು ಊದಿ, ಕಾಲುಗಳು ಹೊರಗೆ ಬಾಗಿದವು. ಶಕ್ತಿ ಸಾಲದೆಂದು ಸತ್ಯಪ್ಪ ಟಾನಿಕ್ಕನ್ನು ಎರಡು ಪಟ್ಟು ಮಾಡಿದ. ಬೆವರು ಇಳಿಯಲೆಂದು ಉಂಡ ಕೂಡಲೇ ಸೈಕಲ್ಲಿನ ಹಿಂದೆ ಓಡಿಸಿದ. ಒಂದು ಬೆಳಿಗ್ಗೆ ಹಾಲಿನ ವಾಸನೆ ಬಂದರೂ ನನಗೆ ಏಳಲಾಗಲಿಲ್ಲ.

ಅವನು ನನ್ನನ್ನು ಕೈಗಾಡಿಯ ಮೇಲೆ ಮಲಗಿಸಿ, ತಾನೇ ಎಳೆದುಕೊಂಡು ಪಶುವೈದ್ಯ ನದಾಫ್ ಡಾಕ್ಟರ ಬಳಿ ಹೋದ. ಡಾಕ್ಟರು ನನ್ನ ಕಾಲು ನೀವಿ ನೋಡಿದರು. ಏನೇನು ಹಾಕುತ್ತೀರಿ ಎಂದು ಕೇಳಿದರು. ಸತ್ಯಪ್ಪ ಹೆಮ್ಮೆಯಿಂದಲೇ ಒಂದೊಂದಾಗಿ ಹೇಳಿದ.

"ಪೈಲ್ವಾನರ, ನೀವು ಇದನ್ನ ಪ್ರೀತಿಯಿಂದನ ಕುಂಟ ಮಾಡೀರಿ," ಎಂದರು ಡಾಕ್ಟರು, ಮೆಲ್ಲಗೆ. "ದೊಡ್ಡ ಜಾತಿ ಮರಿ ಸಾವಕಾಶ ಬೆಳೀಬೇಕು. ಎಲುಬು ಇನ್ನೂ ಎಳೇದು, ಅದರ ಮ್ಯಾಲೆ ಇಷ್ಟು ಭಾರ ಹೇರೀರಿ. ಆ ಕ್ಯಾಲ್ಸಿಯಂ ಅಂತೂ ವಿಷ ಹಾಕಿದಂಗ ಆತು."

ಸತ್ಯಪ್ಪನ ಕೈ ನನ್ನ ಕತ್ತಿನ ಮೇಲೆ ಹಾಗೇ ನಿಂತುಬಿಟ್ಟಿತು.

ಟಾನಿಕ್ಕು ಬಂದ್. ಹಾಲು, ತುಪ್ಪ ಬಂದ್. ದೊಡ್ಡ ಜಾತಿಯ ಮರಿಗಳಿಗೆಂದೇ ಮಾಡಿದ ಒಣ ಆಹಾರ, ಅಳೆದು, ದಿನಕ್ಕೆ ಮೂರು ಸಲ. ಜೊತೆಗೆ ಒಂದಿಷ್ಟು ಎಲುಬು ತೆಗೆದ ಬೇಯಿಸಿದ ಕೋಳಿ, ಕುಂಬಳಕಾಯಿ. ಉಂಡ ಮೇಲೆ ಒಂದು ತಾಸು ಓಡಿಸಬಾರದು, ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಜೀವಕ್ಕೇ ಅಪಾಯ. "ಪಕ್ಕೆಲುಬು ಕಣ್ಣಿಗೆ ಎದ್ದು ಕಾಣಬಾರದು, ಕೈಯಾಡಿಸಿದರ ಬೆರಳಿಗೆ ಸಿಗಬೇಕು. ಅದ ಅಳತಿ," ಎಂದರು ಡಾಕ್ಟರು.

ಸತ್ಯಪ್ಪ ಮೂರು ದಿನ ಅಳೆದು ಹಾಕಿದ. ನಾಲ್ಕನೇ ದಿನ ನಾನು ಖಾಲಿ ಬೋಗುಣಿಯಿಂದ ತಲೆ ಎತ್ತಿದೆ. ಅವನು ಎದ್ದು ಹೊರಗೆ ಹೋದ, ಮತ್ತೆ ಒಳಗೆ ಬಂದ. ತನ್ನ ತಾಟಿನ ರೊಟ್ಟಿಯನ್ನೇ ಮುರಿದು ಹಾಕಿದ. ಮರುದಿನ ಅದಕ್ಕೆ ತುಪ್ಪ ಬಂತು.

ತಿಂಗಳಾದ ಮೇಲೆ ಡಾಕ್ಟರ ಬಳಿ ತೂಗಿದರೆ ನಾನು ಇನ್ನೂ ನಾಲ್ಕು ಕಿಲೋ ಹೆಚ್ಚಿದ್ದೆ.

"ನಾ ಏನೂ ಹಾಕಿಲ್ರಿ," ಎಂದ ಸತ್ಯಪ್ಪ. ಡಾಕ್ಟರು ನನ್ನ ಪಕ್ಕೆಯ ಮೇಲೆ ಕೈಯಾಡಿಸಿದರು, ಎಲುಬು ಬೆರಳಿಗೆ ಸಿಗಲಿಲ್ಲ. "ಹಾಕೀನ್ರಿ," ಎಂದು ಬೆಂಚಿನ ಮೇಲೆ ಕುಸಿದು ಕೂತ. "ಸಣ್ಣವ ಇದ್ದಾಗ ನಮ್ಮವ್ವ ನನ್ನನ್ನ ಗರಡಿಗೆ ಬಿಟ್ಟಿದ್ದು ಕುಸ್ತಿ ಕಲೀಲಿ ಅಂತಲ್ರಿ. ಅಲ್ಲಿ ಹೊಟ್ಟಿಗೆ ಹಾಲು ಸಿಗತೈತಿ ಅಂತ. ಯಾರರ ಹಸದು ನನ್ನ ಕಡೆ ನೋಡಿದ್ರ ನನ್ನ ಕೈ ನಿಲ್ಲಂಗಿಲ್ರಿ, ಡಾಕ್ಟ್ರ."

"ಹಿಂಗ ಆದ್ರ ಅದು ಮತ್ತ ನಿಂದ್ರೂದಿಲ್ಲ," ಎಂದರು ಡಾಕ್ಟರು.

ಆ ವಾರವೇ ಅವನು ನನ್ನನ್ನು ಟೆಂಪೋದಲ್ಲಿ ಬಾಗಲಕೋಟೆಗೆ ಕರೆದುಕೊಂಡು ಹೋದ. ನವನಗರದಲ್ಲಿ ಅವನ ತಂಗಿ ಕಸ್ತೂರೆವ್ವ ಇದ್ದಳು. ಮದುವೆಯಾದ ವರ್ಷವೇ ಗಂಡ ತೀರಿಹೋಗಿ, ಅಂಗನವಾಡಿ ಶಿಕ್ಷಕಿಯಾಗಿ ಒಂಟಿಯಾಗಿ ಬದುಕಿದವಳು. ಮಾತು ಕಡಿಮೆ, ಲೆಕ್ಕ ಪಕ್ಕಾ.

"ನಿನ್ನ ಕೈ ಗಟ್ಟಿ ಐತಿ, ತಂಗಿ. ನೀನ ಸಾಕು," ಎಂದ.

"ನೀ ಇದನ್ನ ಬಿಟ್ಟು ಇರ್ತೀ ಏನೋ ಅಣ್ಣಾ?"

ಅವನು ನನ್ನ ಮುಂಗಾಲುಗಳನ್ನು ಒಮ್ಮೆ ನೀವಿ, ಗಾಡಿ ಹತ್ತಿದ. ನಾನು ಗೇಟಿನವರೆಗೆ ತೆವಳಿಕೊಂಡು ಹೋದೆ. ಅಷ್ಟರಲ್ಲಿ ಗಾಡಿ ತಿರುವು ದಾಟಿತ್ತು.

ಆ ಮನೆಯ ಮೊದಲ ತಿಂಗಳುಗಳನ್ನು ನೆನೆಯಲು ನನಗೆ ಇಷ್ಟವಿಲ್ಲ. ಕಸ್ತೂರೆವ್ವ ಲೋಟದಲ್ಲಿ ಅಳೆದು, ಅಂಚನ್ನು ಬೆರಳಿನಿಂದ ಸಮ ಮಾಡಿ, ಬೋಗುಣಿಗೆ ಸುರಿಯುತ್ತಿದ್ದಳು. ನಾಲ್ಕು ಬಾಯಿಗೆ ಅದು ಮುಗಿಯುತ್ತಿತ್ತು. ತಲೆ ಎತ್ತಿದರೆ ಎದುರಿಗೆ ಯಾರೂ ಇರುತ್ತಿರಲಿಲ್ಲ. ಅವಳು ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ತಾನೂ ಉಣ್ಣುತ್ತಿದ್ದಳು. ನಾನು ನೋಡಬಾರದೆಂದಲ್ಲ, ತಾನು ನನ್ನನ್ನು ನೋಡಬಾರದೆಂದು. ಅದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಹಗಲೆಲ್ಲ ಅವಳು ಅಂಗನವಾಡಿಗೆ ಹೋಗಿರುತ್ತಿದ್ದಳು. ನಾನು ತಣ್ಣನೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಹೊಟ್ಟೆ ಚಾಚಿ, ಸೈಕಲ್ಲಿನ ಸದ್ದಿಗೆಲ್ಲ ಕಿವಿ ನಿಮಿರಿಸುತ್ತಿದ್ದೆ. ಅವುಗಳಲ್ಲಿ ಒಂದೂ ಸತ್ಯಪ್ಪನದಾಗಿರಲಿಲ್ಲ.

ಹದಿನೈದು ದಿನಕ್ಕೊಮ್ಮೆ ಅವಳು ನನ್ನನ್ನು ಜೋಳದ ಅಂಗಡಿಯ ತಕ್ಕಡಿಯ ಹಲಗೆಯ ಮೇಲೆ ನಿಲ್ಲಿಸುತ್ತಿದ್ದಳು. ಅಂಗನವಾಡಿಯ ಮಕ್ಕಳಿಗೆ ಮಾಡುವ ಹಾಗೆಯೇ ನನಗೂ ಒಂದು ಹಾಳೆ ಮಾಡಿ ತೂಕದ ಗೆರೆ ಎಳೆದಳು. ಅಲ್ಲಿ ಗೆರೆ ಇಳಿದರೆ ಅವಳಿಗೆ ಚಿಂತೆ, ಇಲ್ಲಿ ಏರಿದರೆ. ಹಾಳೆಯ ಫೋಟೋ ನದಾಫ್ ಡಾಕ್ಟರಿಗೆ ಹೋಗುತ್ತಿತ್ತು, ಅವರು ಹೇಳಿದಂತೆ ಅಳತೆ ಬದಲಾಗುತ್ತಿತ್ತು. ಮೂರನೇ ತಿಂಗಳಲ್ಲಿ ನಾನು ನೋವಿಲ್ಲದೆ ಎದ್ದೆ. ವರ್ಷ ತುಂಬುವ ಹೊತ್ತಿಗೆ ಮೆಟ್ಟಿಲು ಹತ್ತಿದೆ. ಬಾಗಿದ ಕಾಲುಗಳು ಪೂರ್ತಿ ನೆಟ್ಟಗಾಗಲಿಲ್ಲ, ಆದರೆ ಅವು ನನ್ನನ್ನು ಹೊತ್ತವು.

ಸತ್ಯಪ್ಪ ಬಂದದ್ದು ಒಂದೇ ಸಲ, ಎರಡನೇ ವರ್ಷದ ಬೇಸಿಗೆಯಲ್ಲಿ. ಗೇಟಿನ ಹೊರಗೆ ನಿಂತಿದ್ದ. ಅಂಗಿ ಮೈಮೇಲೆ ಜೋತುಬಿದ್ದಿತ್ತು. ನಾನು ಅಂಗಳದ ಆ ತುದಿಯಿಂದ ಓಡಿದೆ. ಹೌದು, ಓಡಿದೆ. ಅವನು ಗೇಟಿನ ಸರಳು ಹಿಡಿದು ನನ್ನ ಕಾಲುಗಳನ್ನೇ ನೋಡುತ್ತ ಅತ್ತ.

ನನ್ನ ಸಂಜೆಯ ಊಟದ ಹೊತ್ತಾಗಿತ್ತು. ಕಸ್ತೂರೆವ್ವ ತುಂಬಿದ ಲೋಟವನ್ನು ಅವನ ಕೈಗೆ ಕೊಟ್ಟಳು. "ನೀನ ಹಾಕು. ಆದ್ರ ಇಷ್ಟ, ಹೆಚ್ಚಿಗಿ ಬ್ಯಾಡ."

ಅವನು ಒಂದು ಕಾಳೂ ಚೆಲ್ಲದಂತೆ ಸುರಿದ. ನಾನು ತಿಂದು ಮುಗಿಸಿ ಅಭ್ಯಾಸಬಲದಿಂದ ತಲೆ ಎತ್ತಿದೆ. ಸತ್ಯಪ್ಪನ ಕೈ ಜೇಬಿಗೆ ಹೋಯಿತು. ಅಲ್ಲಿ ಚಪಾತಿಯ ವಾಸನೆ ಇತ್ತು, ನನಗೆ ಗೊತ್ತಾಯಿತು. ಆ ಕೈ ಜೇಬಿನಲ್ಲೇ ಬಹಳ ಹೊತ್ತು ಇದ್ದು, ಬರಿದಾಗಿ ಹೊರಗೆ ಬಂತು.

"ಇನ್ನ ನಾ ಬರಂಗಿಲ್ಲ, ತಂಗಿ," ಎಂದ. "ಇವತ್ತು ಹೆಂಗೋ ಗೆದ್ದೆ. ದಿನಾ ಗೆಲ್ಲಾಕ ಆಗೂದಿಲ್ಲ."

ಆರು ವರ್ಷ ಕಳೆದವು. ನನ್ನ ಮೂತಿ ಬೆಳ್ಳಗಾಯಿತು. ನಮ್ಮ ಜಾತಿಗೆ ಎಂಟು ವರ್ಷವೆಂದರೆ ಮುಪ್ಪು. ಹೋದ ತಿಂಗಳು ಕಸ್ತೂರೆವ್ವನಿಗೆ ಜಮಖಂಡಿಯಿಂದ ಫೋನ್ ಬಂತು. ಅವಳು ನನ್ನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹೋದವಳು ಮೂರನೇ ದಿನ ಮಧ್ಯಾಹ್ನ ತಿರುಗಿ ಬಂದಳು. ಅವಳ ಸೀರೆಯ ಸೆರಗಿಗೆ ಊದುಬತ್ತಿಯ ಹೊಗೆಯ ವಾಸನೆ ಇತ್ತು. ಅದರ ಕೆಳಗೆ, ಬಹಳ ತೆಳುವಾಗಿ, ಸತ್ಯಪ್ಪನ ವಾಸನೆ.

ನನ್ನ ಪಕ್ಕ ಕಲ್ಲಿನ ಮೇಲೆ ಕೂತು ಮಾತಾಡಿದಳು. ನನಗೆ ಹೇಳಿದಳೋ, ತನಗೇ ಹೇಳಿಕೊಂಡಳೋ.

"ನದಾಫ್ ಡಾಕ್ಟ್ರು ಬಂದಿದ್ರು, ಅಣ್ಣನ ಮಣ್ಣಿಗೆ. ಅಣ್ಣ ಇಷ್ಟು ವರ್ಷ ದಿನಾ ಮುಂಜಾನೆ ಅವರ ದವಾಖಾನಿ ಕಟ್ಟಿ ಮ್ಯಾಲೆ ಕೂಡತಿದ್ದನಂತ. ಯಾರರ ದೊಡ್ಡ ಜಾತಿ ಮರಿ ತಂದ್ರ ಸಾಕು, ಎದ್ದು ಹೋಗಿ ಕೈ ಮುಗೀತಿದ್ದನಂತ. 'ಟಾನಿಕ್ ಹಾಕಬ್ಯಾಡ್ರಿ, ಹಾಲು ಸುರೀಬ್ಯಾಡ್ರಿ, ಅಳೆದು ಹಾಕ್ರಿ. ನಾ ಒಂದು ಕೂಸಿನ ಕಾಲು ಮುರದೀನಿ' ಅಂತ. ಕೆಲವರು ನಗತಿದ್ರಂತ. ನಕ್ಕರೂ ಬಿಡತಿದ್ದಿಲ್ಲಂತ."

ಅವಳು ಗೋಡೆಗೆ ಒರಗಿ ಅಲ್ಲೇ ಕೂತಳು.

ಬಿಸಿಲು ಅಂಗಳ ದಾಟಿ ಕಾಂಪೌಂಡಿನ ಗೋಡೆ ಹತ್ತಿತು. ನನ್ನ ಊಟದ ಹೊತ್ತು ಬಂತು, ಮೀರಿತು. ಇಷ್ಟು ವರ್ಷಗಳಲ್ಲಿ ಕಸ್ತೂರೆವ್ವ ಅದನ್ನು ಮರೆತದ್ದು ಅದೇ ಮೊದಲು. ಹೊಟ್ಟೆ ಚುರುಗುಟ್ಟುತ್ತಿತ್ತು. ಒಮ್ಮೆ ತಲೆ ಎತ್ತಿ ಅವಳ ಮುಖ ನೋಡಿದ್ದರೆ ಅವಳು ತಟ್ಟನೆ ಎದ್ದುಬಿಡುತ್ತಿದ್ದಳು.

ನಾನು ನೋಡಲಿಲ್ಲ. ಗದ್ದವನ್ನು ಅವಳ ಪಾದದ ಮೇಲಿಟ್ಟು ಕಣ್ಣು ಮುಚ್ಚಿದೆ. ಅವಳ ಕೈ ನನ್ನ ಪಕ್ಕೆಯ ಮೇಲೆ ಬಂತು. ಬೆರಳುಗಳು ಒಂದೊಂದೇ ಎಲುಬನ್ನು ಮುಟ್ಟುತ್ತ ಹೋಗಿ, ಕೊನೆಯದರ ಮೇಲೆ ನಿಂತವು.